ಸೂಜಿ ಚುಚ್ಚಿದ್ದು, ಅಷ್ಟೇ

ಮೂವತ್ತು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ಗಾದೆಗಳನ್ನು ವಿಸ್ತರಿಸಿ ಬರೆಯುವುದು ಹೇಗೆಂದು ಹೇಳಿಕೊಡುತ್ತ ಬಂದಿದ್ದೇನೆ. ಮೊದಲು ಗಾದೆಯ ಮಹತ್ವ, ಆಮೇಲೆ ಅರ್ಥ, ಕೊನೆಗೊಂದು ಉದಾಹರಣೆ. 'ಮಾಡಿದ್ದುಣ್ಣೋ ಮಹರಾಯ' ಎಂಬುದು ಮಕ್ಕಳಿಗೆ ಬಲು ಸುಲಭವಾದ ಗಾದೆ. ಉದಾಹರಣೆಗಾಗಿ ಅವರು ತಡಕಾಡುವುದೇ ಇಲ್ಲ. ಓದದವನು ಫೇಲಾದ, ಕದ್ದವನು ಸಿಕ್ಕಿಬಿದ್ದ, ಕುಡಿದವನು ಸತ್ತ. ಒಂದು ವರ್ಷ ಒಬ್ಬ ಹುಡುಗಿ 'ಏಡ್ಸ್ ಬಂದವರೇ ಇದಕ್ಕೆ ಉದಾಹರಣೆ' ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ಎರಡು ಕಾಗುಣಿತ ತಿದ್ದಿ, ಪೂರ್ಣ ಅಂಕ ಕೊಟ್ಟಿದ್ದೆ. ತಿದ್ದಬೇಕಾದದ್ದು ಬೇರೆಯೇ ಇತ್ತು ಎಂದು ಆಗ ಹೊಳೆಯಲಿಲ್ಲ. ಹೊಳೆಯಲು 2023ರ ಯುಗಾದಿ ಬರಬೇಕಾಯಿತು.

ನನ್ನ ಮಗಳು ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸು. ಹಬ್ಬಕ್ಕೆ ಐದು ದಿನ ಮುಂಚೆ, ರಾತ್ರಿ ಪಾಳಿಯಲ್ಲಿ, ಒಬ್ಬ ರೋಗಿಯ ರಕ್ತ ತೆಗೆದ ಸೂಜಿ ಗ್ಲೌಸನ್ನು ತೂರಿಕೊಂಡು ಅವಳ ಎಡಗೈ ಹೆಬ್ಬೆರಳಿಗೆ ಚುಚ್ಚಿತು. ರೋಗಿಗೆ ಎಚ್‌ಐವಿ ಇರುವುದು ಕೇಸ್ ಶೀಟಿನಲ್ಲೇ ಇತ್ತು. ಅವಳು ಸೋಪು ಹಾಕಿ ಹರಿಯುವ ನೀರಿನಲ್ಲಿ ಕೈ ತೊಳೆದಳು, ಡ್ಯೂಟಿ ಡಾಕ್ಟರಿಗೆ ತಿಳಿಸಿದಳು. ಮುಂಜಾಗ್ರತೆಯ ಮಾತ್ರೆ ಆ ಆಸ್ಪತ್ರೆಯಲ್ಲಿ ಇರಲಿಲ್ಲ. ಆಟೋ ಹಿಡಿದು ಜಿಲ್ಲಾ ಆಸ್ಪತ್ರೆಗೆ ಹೋಗಿ, ಮೂರು ಗಂಟೆಯೊಳಗೆ ಮೊದಲ ಮಾತ್ರೆ ನುಂಗಿದ್ದಳು. 72 ಗಂಟೆಯೊಳಗೆ ಶುರುಮಾಡಲೇಬೇಕು, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು. ಆಮೇಲೆ ದಿನಕ್ಕೊಂದರಂತೆ 28 ದಿನ. ಇದನ್ನೆಲ್ಲ ಅವಳು ನನಗೆ ಹೇಳಿದ್ದು ಹಬ್ಬದ ಹಿಂದಿನ ಸಂಜೆ, ನಾನು ಹೂರಣ ರುಬ್ಬುತ್ತಿದ್ದಾಗ.

"ಗಾಬರಿ ಆಗ್ಬೇಡಮ್ಮ. ಇಂಥ ಸೂಜಿ ಸಾವಿರ ಜನಕ್ಕೆ ಚುಚ್ಚಿದ್ರೆ, ಮಾತ್ರೆ ತಗೊಳ್ದಿದ್ರೂ ಬರೋದು ಸುಮಾರು ಮೂರು ಜನಕ್ಕೆ. ನಾನು ಮಾತ್ರೇನೂ ತಗೋತಿದೀನಿ."

ಸಾವಿರಕ್ಕೆ ಮೂರು ಎಂಬುದು ಸಣ್ಣ ಸಂಖ್ಯೆ ಎಂದು ಗಣಿತದ ಮೇಷ್ಟ್ರಿಗೆ ಅನ್ನಿಸಬಹುದು. ನನಗೆ ಇರುವುದು ಒಬ್ಬಳೇ ಮಗಳು. ಆದರೆ ನಾನು ಕೇಳಿದ ಮೊದಲ ಪ್ರಶ್ನೆ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ನೋವಾಯಿತೇ ಎಂದು ಕೇಳಲಿಲ್ಲ, ಊಟ ಮಾಡುತ್ತಿದ್ದೀಯಾ ಎಂದು ಕೇಳಲಿಲ್ಲ. "ಯಾರೇ ಅದು? ಅವರಿಗೆ ಹೇಗೆ ಬಂತಂತೆ?" ಎಂದೆ.

"ಅದು ಅವರ ವಿಷಯ ಅಮ್ಮ. ನಾನು ಹೇಳೋ ಹಾಗಿಲ್ಲ."

ಹೆತ್ತ ತಾಯಿಗೂ ಹೇಳಬಾರದ ಗುಟ್ಟೇನು ಎಂದು ನನಗೆ ಸಿಟ್ಟು ಬಂತು. ರಾತ್ರಿ ತಡೆಯಲಾರದೆ ಭದ್ರಾವತಿಯ ಅಕ್ಕನಿಗೆ ಫೋನ್ ಮಾಡಿದೆ. ವಿಷಯ ಹೇಳುವ ಮೊದಲೇ ನನ್ನ ಬಾಯಿಂದ ಬಂದದ್ದು ಈ ಮಾತು: "ಸೂಜಿ ಚುಚ್ಚಿದ್ದು, ಅಷ್ಟೇ ಅಕ್ಕ. ಬೇರೇನಲ್ಲ." ಆಮೇಲೆ, "ಆ ಪೇಷೆಂಟು ಕೈ ಎಳಕೊಂಡಿರಬೇಕು" ಎಂದೂ ಸೇರಿಸಿದೆ. ಮಗಳು ಹಾಗೆ ಹೇಳಿರಲಿಲ್ಲ. ಮುಂದಿನ ಮೂರು ತಿಂಗಳಲ್ಲಿ ಅನಿವಾರ್ಯವಾಗಿ ಇನ್ನಿಬ್ಬರಿಗೆ ಹೇಳಬೇಕಾಯಿತು. ಪ್ರತಿ ಸಲವೂ ಈ 'ಸೂಜಿ' ಎಂಬ ಮಾತು, ಸಾಹೇಬರ ಮುಂದೆ ದಾರಿ ಬಿಡಿಸಿಕೊಂಡು ಹೋಗುವ ಜವಾನನ ಹಾಗೆ, ವಿಷಯಕ್ಕಿಂತ ಮುಂದಾಗಿ ಹೋಗುತ್ತಿತ್ತು.

ಹಬ್ಬದ ದಿನ ನೆಂಟರು ಬರುವವರಿದ್ದರು. ಮಗಳ ಮಾತ್ರೆಯ ಡಬ್ಬಿ ದೇವರ ಮನೆಯ ಪಕ್ಕದ ಗೂಡಿನಲ್ಲಿತ್ತು. ನಾನು ಮಾತ್ರೆಗಳನ್ನು ನನ್ನ ಕ್ಯಾಲ್ಸಿಯಂ ಡಬ್ಬಿಗೆ ಸುರಿದು, ಅದರ ಡಬ್ಬಿಯನ್ನು ಹಳೆಯ ಸೀರೆಯೊಳಗೆ ಸುತ್ತಿಟ್ಟೆ. ಅವಳು ನೋಡಿ ನಕ್ಕಳು.

"ನಮ್ಮ ಪೇಷೆಂಟುಗಳೂ ಹೀಗೇ ಮಾಡ್ತಾರಮ್ಮ. ಕೆಲವರು ಬ್ಯಾಗಲ್ಲಿ ಸದ್ದಾಗಬಾರದು ಅಂತ ಡಬ್ಬಿಗೆ ಹತ್ತಿ ತುಂಬ್ತಾರೆ."

ಆ ಮಾತ್ರೆಯ ವಿಷಯ ಆಮೇಲೆ ತಿಳಿಯಿತು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಗಳು ಒಂದೇ ಮಾತ್ರೆಯಲ್ಲಿರುತ್ತವೆ. ಎಆರ್‌ಟಿ ಕೇಂದ್ರಗಳಲ್ಲಿ ಸೋಂಕಿತರಲ್ಲಿ ಬಹುಪಾಲು ಜನ ಜೀವನಪೂರ್ತಿ ನುಂಗುವುದೂ ಇದನ್ನೇ. ನಾನು ಮುಂಜಾಗ್ರತೆಯ ಮಾತ್ರೆ ಬೇರೆ, ರೋಗದ ಮಾತ್ರೆ ಬೇರೆ ಎಂದುಕೊಂಡಿದ್ದೆ. ನನ್ನ ಮಗಳು 28 ದಿನ, ಅವರು ದಿನವೂ, ವ್ಯತ್ಯಾಸ ಅಷ್ಟೇ.

ಮೊದಲ ಎರಡು ವಾರ ಅವಳಿಗೆ ವಾಕರಿಕೆ, ತಲೆನೋವು, ಸರಿಯಾಗಿ ನಿದ್ದೆಯಿಲ್ಲ. ಮಾತ್ರೆಯಿಂದ ಹಾಗಾಗುವುದುಂಟು ಎಂದು ಡಾಕ್ಟರು ಮೊದಲೇ ಹೇಳಿದ್ದರಂತೆ. ಮಾತ್ರೆ ಮುಗಿಸಿ ರಜೆ ಹಾಕಿ ಹಿರಿಯೂರಿಗೆ ಬಂದಳು. ಬಂದ ವಾರಕ್ಕೆ ಜ್ವರ, ಗಂಟಲು ನೋವು. ನಾನು ಅಷ್ಟು ಹೊತ್ತಿಗೆ ಮೊಬೈಲಿನಲ್ಲಿ ಸಾಕಷ್ಟು ಓದಿ ಕೆಟ್ಟಿದ್ದೆ. ಸೋಂಕು ತಗಲಿದ ಎರಡರಿಂದ ನಾಲ್ಕು ವಾರಕ್ಕೆ ಜ್ವರ, ಗಂಟಲು ನೋವು, ಮೈಮೇಲೆ ಗಂಧೆ, ಕುತ್ತಿಗೆಯಲ್ಲಿ ಗಡ್ಡೆ ಕಾಣಿಸಬಹುದು. ಎಣ್ಣೆ ಹಚ್ಚುವ ನೆಪದಲ್ಲಿ ಅವಳನ್ನು ಕೂರಿಸಿಕೊಂಡು ಕಿವಿಯ ಹಿಂದೆ, ಕುತ್ತಿಗೆಯ ಬುಡದಲ್ಲಿ ಬೆರಳಾಡಿಸಿದೆ. ಬೆನ್ನ ಮೇಲೆ ಕೆಂಪು ಗುಳ್ಳೆ ಕಂಡವು. ಏಪ್ರಿಲ್ ಬಿಸಿಲಿಗೆ ಎದ್ದ ಬೆವರುಸಾಲೆ ಅದು. ಹಾಗೆಂದು ಕಣ್ಣಿಗೆ ಗೊತ್ತು, ಕೈ ಮಾತ್ರ ನಡುಗಿತು. ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು. "ಎಣ್ಣೆ ಹಚ್ಚೋದಾದ್ರೆ ಹಚ್ಚು. ಹುಡುಕೋದಾದ್ರೆ ಬೇಡ."

ಡಾಕ್ಟರಿಗೆ ನಾನೇ ಫೋನ್ ಮಾಡಿ ಕೇಳಿದೆ. ಲಕ್ಷಣ ನೋಡಿ ಇದನ್ನು ಯಾರೂ ಹೇಳಲಾರರು ಎಂದರು. ಸೋಂಕಿನ ಜ್ವರಕ್ಕೂ ಸಾಮಾನ್ಯ ಫ್ಲೂ ಜ್ವರಕ್ಕೂ ಹೊರಗಿನಿಂದ ಭೇದವಿಲ್ಲ, ಎಷ್ಟೋ ಜನ ಸೋಂಕಿತರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಹೇಳುವುದು ಪರೀಕ್ಷೆ ಮಾತ್ರ, ಅದೂ ಸರಿಯಾದ ಹೊತ್ತಿನಲ್ಲಿ ಮಾಡಿದರೆ. ಪರೀಕ್ಷೆ ಹುಡುಕುವುದು ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ಕಾಣಿಸಿಕೊಳ್ಳಲು ವಾರಗಳು ಬೇಕು. ಮಾತ್ರೆ ತೆಗೆದುಕೊಂಡಿದ್ದರೆ ಇನ್ನೂ ತಡವಾಗಬಹುದು. ಆದ್ದರಿಂದ ಆರು ವಾರಕ್ಕೊಮ್ಮೆ ನೋಡಿ, ಮೂರು ತಿಂಗಳಿಗೆ ಮತ್ತೆ ನೋಡಬೇಕು. ಅಲ್ಲಿಯ ತನಕ ಕಾಯಬೇಕು.

ಕನ್ನಡದಲ್ಲಿ ರೋಗದ ಚಿಹ್ನೆಗೂ ಲಕ್ಷಣ ಎನ್ನುತ್ತೇವೆ, ನಡತೆಯ ಗುರುತಿಗೂ ಲಕ್ಷಣ ಎನ್ನುತ್ತೇವೆ. 'ಹುಡುಗಿ ಲಕ್ಷಣವಾಗಿದ್ದಾಳೆ', 'ಇದು ಒಳ್ಳೆಯ ಲಕ್ಷಣವಲ್ಲ' ಎನ್ನುವ ನಾವು ಮುಖ ನೋಡಿ, ನಡಿಗೆ ನೋಡಿ ಮನುಷ್ಯರ ಒಳಗನ್ನು ಓದಿಬಿಡುತ್ತೇವೆ. ಮಗಳ ಬೆನ್ನ ಮೇಲಿನ ಬೆವರುಸಾಲೆಯನ್ನೇ ಸರಿಯಾಗಿ ಓದಲಾರದವಳು ನಾನು.

ಆ ಜ್ವರದ ರಾತ್ರಿಯೇ ಅವಳು ಇನ್ನೊಂದು ಮಾತು ಹೇಳಿದಳು. ನಾನು ತಣ್ಣೀರು ಪಟ್ಟಿ ಹಾಕುತ್ತ, ಆ ರೋಗಿಯನ್ನು ಏನೋ ಅಂದಿರಬೇಕು.

"ಅವರು ಕೈ ಎಳಕೊಳ್ಳಲಿಲ್ಲಮ್ಮ. ಸುಮ್ನೆ ಮಲಗಿದ್ರು. ನಾನೇ ಸೂಜಿಗೆ ವಾಪಸು ಕ್ಯಾಪ್ ಹಾಕೋಕೆ ಹೋದೆ. ಹಾಕಬಾರದು ಅಂತ ಮೊದಲನೇ ವರ್ಷದಲ್ಲೇ ಹೇಳಿಕೊಟ್ಟಿದ್ರು. ನಿದ್ದೆಗಣ್ಣು, ಅವಸರ. ತಪ್ಪು ನಂದೇ."

ನಾನು ಪಟ್ಟಿಯನ್ನು ಹಿಂಡಿ ಮತ್ತೆ ಹಾಕಿದೆ. ತಪ್ಪು ಅವಳದೇ ಎಂದು ಕೇಳಿ ನನ್ನ ಪ್ರೀತಿ ಒಂದು ಗುಂಜಿಯಷ್ಟೂ ಕಡಿಮೆಯಾಗಲಿಲ್ಲ. ರಾತ್ರಿ ಪಾಳಿ, ಸುಸ್ತು, ಹತ್ತು ಹಾಸಿಗೆಗೆ ಒಬ್ಬಳೇ ನರ್ಸು ಎಂದು ಕಾರಣಗಳನ್ನು ನಾನೇ ಹುಡುಕಿಕೊಟ್ಟೆ. ಕ್ಷಣದ ಮೈಮರೆವು, ಗೊತ್ತಿದ್ದೂ ಮಾಡಿದ್ದು. ಹಾಗಾದರೆ ಲಾಡ್ಜಿನಲ್ಲಿ ಮಲಗಿದವನದೂ ಕ್ಷಣದ ಮೈಮರೆವೇ ಅಲ್ಲವೇ? ಅವನಿಗೂ ದೂರದ ಊರು, ಒಂಟಿತನ, ಬಡತನ ಎಂದು ಕಾರಣ ಹುಡುಕಿಕೊಡುವ ತಾಯಿ ಎಲ್ಲೋ ಇರುತ್ತಾಳೆ. ಅವಳ ಮಾತಿಗೆ 'ಮಾಡಿದ್ದುಣ್ಣೋ ಮಹರಾಯ' ಎನ್ನುವ ನಾನು, ನನ್ನ ಮಗಳ ವಿಷಯಕ್ಕೆ 'ಪಾಪ' ಎನ್ನುತ್ತೇನೆ.

ತಪ್ಪನ್ನು ತಪ್ಪು ಎನ್ನದಿದ್ದರೆ ಮಕ್ಕಳು ಎಚ್ಚರ ಕಲಿಯುವುದು ಹೇಗೆ ಎಂದು ನಮ್ಮ ಯಜಮಾನರು ವಾದಿಸಿದರು. ಅದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಸೂಜಿಗೆ ಕ್ಯಾಪ್ ಹಾಕಬಾರದು ಎಂಬ ನಿಯಮ ಇರಲೇಬೇಕು, ಮುರಿದರೆ ಅಪಾಯ ಎಂದೂ ಹೇಳಲೇಬೇಕು. ಆದರೆ ಅಪಾಯ ಇದೆ ಎನ್ನುವುದು ಬೇರೆ, ಅಪಾಯಕ್ಕೆ ಸಿಕ್ಕಿದವನಿಗೆ ಅದು ತಕ್ಕದ್ದೇ ಎನ್ನುವುದು ಬೇರೆ. ಬಾವಿಕಟ್ಟೆಯ ಮೇಲೆ ಕೂರಬೇಡ ಎಂದು ಮಗುವನ್ನು ಗದರಿಸುತ್ತೇವೆ. ಬಿದ್ದಾಗ ಹಗ್ಗ ಇಳಿಬಿಡುವ ಮೊದಲು ಯಾಕೆ ಕೂತೆ ಎಂದು ವಿಚಾರಣೆ ಮಾಡುತ್ತೇವೆಯೇ? ಈ ರೋಗದ ವಿಷಯದಲ್ಲಿ ಮಾತ್ರ ವಿಚಾರಣೆ ಮೊದಲು. 1986ರಲ್ಲಿ ಡಾ. ಸುನಿತಿ ಸಾಲೊಮನ್ ಅವರ ತಂಡ ಚೆನ್ನೈಯಲ್ಲಿ ಇದನ್ನು ನಮ್ಮ ದೇಶದಲ್ಲಿ ಮೊದಲಿಗೆ ಪತ್ತೆಮಾಡಿದ್ದು ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳ ರಕ್ತದಲ್ಲಿ. ಅಂದಿನಿಂದ ಇದು 'ಅಂಥವರ' ರೋಗವಾಯಿತು. ಅಂಥವರು ಎಂದು ಯಾರನ್ನು ಅನ್ನುತ್ತೇವೋ ಅವರ ಬಳಿಗೆ ಹೋಗಿಬಂದವರು ಮಾತ್ರ ನಮ್ಮವರೇ ಆಗಿ ಉಳಿದರು.

ಆರು ವಾರದ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಮೂರು ತಿಂಗಳಿನದಕ್ಕೆ, ಜೂನ್ ತಿಂಗಳಲ್ಲಿ, ಒಂದು ದಿನದ ಸಿ.ಎಲ್. ಹಾಕಿ ನಾನೂ ಜೊತೆಗೆ ಹೋದೆ. ಜಿಲ್ಲಾ ಆಸ್ಪತ್ರೆಯ ಪರೀಕ್ಷಾ ಕೇಂದ್ರದ ಹೊರಗೆ ಒಂದು ಬೆಂಚು. ಹೆಗಲ ಮೇಲೆ ಟವೆಲು ಹಾಕಿಕೊಂಡ ಒಬ್ಬ ಮಧ್ಯವಯಸ್ಸಿನವರು, ಸ್ಕೂಲ್ ಯೂನಿಫಾರಂ ಹಾಕಿದ ಮಗುವಿನೊಂದಿಗೆ ಒಬ್ಬ ಹೆಂಗಸು. ಆಪ್ತ ಸಮಾಲೋಚಕಿ ಬಾಗಿಲಿಗೆ ಬಂದು ಮಗಳನ್ನು ಕರೆದರು. ನಾನು ಎದ್ದು ನಿಂತು, "ಇವಳು ನರ್ಸು ಮೇಡಂ. ಸೂಜಿ ಚುಚ್ಚಿದ್ದು, ಅಷ್ಟೇ" ಎಂದೆ. ಅದು ಅವರಿಗೆ ಹೇಳಿದ್ದಲ್ಲ. ಅವರಿಗೆ ಮೊದಲೇ ಗೊತ್ತಿತ್ತು. ಬೆಂಚಿಗೆ ಕೇಳಲಿ ಎಂದು, ಪಾಠ ಹೇಳುವ ದನಿಯಲ್ಲೇ ಹೇಳಿದ್ದೆ.

"ಇಲ್ಲಿ ಎಲ್ಲರಿಗೂ ಒಂದೇ ಪರೀಕ್ಷೆ ಅಮ್ಮ" ಎಂದು ಅವರು ಮಗಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಂಡರು.

ನಾನು ನಿಂತೇ ಇದ್ದೆ. ಆ ಹೆಂಗಸು ಬೆಂಚಿನ ಮೇಲಿದ್ದ ತನ್ನ ಬ್ಯಾಗನ್ನು ತೊಡೆಯ ಮೇಲೆ ಎತ್ತಿಕೊಂಡು ಜಾಗ ಮಾಡಿದಳು. ಕೂತೆ. ಸ್ವಲ್ಪ ಹೊತ್ತಾದ ಮೇಲೆ, "ಮಗಳಾ ಅಮ್ಮ?" ಎಂದಳು. ಹೌದೆಂದೆ. "ಏನೂ ಆಗಿರಲ್ಲ ಬಿಡ್ರಿ. ಹೆದರ್ಕೋಬ್ಯಾಡ್ರಿ." ಅವಳು ಯಾಕೆ ಬಂದಿದ್ದಾಳೆಂದು ನಾನು ಕೇಳಲಿಲ್ಲ. ಅದು ಸೌಜನ್ಯವಲ್ಲ, ಕೇಳುವ ಮುಖ ನನಗಿರಲಿಲ್ಲ.

ಫಲಿತಾಂಶ ನೆಗೆಟಿವ್ ಬಂತು. ಮಗಳು ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತಳು. ಮೂರು ತಿಂಗಳಲ್ಲಿ ಅವಳು ನನ್ನೆದುರು ಅತ್ತದ್ದು ಅದೊಂದೇ ಸಲ. ಅಕ್ಕನಿಗೆ ಫೋನ್ ಮಾಡಿದರೆ, "ನಾನು ಹೇಳ್ಲಿಲ್ವಾ? ಒಳ್ಳೆಯವರಿಗೆ ದೇವರು ಕೆಟ್ಟದ್ದು ಮಾಡಲ್ಲ" ಎಂದಳು. ಹೂಂ ಎನ್ನಲು ಬಾಯಿ ತೆರೆದೆ. ಬೆಂಚಿನ ಮೇಲಿನ ಹೆಂಗಸು ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಊರಿಗೆ ಬರುವ ಬಸ್ಸಿನಲ್ಲಿ ಇನ್ನೊಬ್ಬ ತಾಯಿ ನೆನಪಾದಳು. 2005ರಲ್ಲಿ ನಾನು ಎಂಟನೇ ತರಗತಿಯ ಕ್ಲಾಸ್ ಟೀಚರ್. ಒಬ್ಬ ಹುಡುಗನ ತಂದೆ ಲಾರಿ ಡ್ರೈವರ್, ಅದರ ಹಿಂದಿನ ವರ್ಷ ತೀರಿಕೊಂಡಿದ್ದರು. ಏನಾಗಿ ಹೋದರೆಂದು ಊರಲ್ಲಿ ಮಾತಾಯಿತು. ನಾಲ್ಕಾರು ಜನ ಪೋಷಕರು ಶಾಲೆಗೆ ಬಂದರು. ಹುಡುಗನಿಗೆ ಪರೀಕ್ಷೆ ಆಗಿರಲಿಲ್ಲ, ಅವನಿಗೆ ಏನಾದರೂ ಇದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಇದ್ದರೂ ಒಂದೇ ಬೆಂಚಿನಲ್ಲಿ ಕೂತರೆ, ಒಂದೇ ಲೋಟದಲ್ಲಿ ನೀರು ಕುಡಿದರೆ ಹರಡುವುದಿಲ್ಲ ಎಂದು ನಾವೇ ಡಿಸೆಂಬರ್ ಒಂದರಂದು ಜಾಥಾದಲ್ಲಿ ಮಕ್ಕಳಿಂದ ಕೂಗಿಸಿದ್ದೆವು. ಸ್ಟಾಫ್ ರೂಮಿನಲ್ಲಿ ಎಲ್ಲರೂ "ಪಾಪ, ಹುಡುಗನದೇನು ತಪ್ಪು" ಎಂದು ಟೀ ಕುಡಿದೆವು. ಅವನ ತಾಯಿಯನ್ನು ಕರೆಸಿ ಟಿ.ಸಿ. ಕೊಡುವುದೆಂದಾಯಿತು. ಕೈಬರಹ ದುಂಡಗಿದೆಯೆಂದು ಬರೆಯುವ ಕೆಲಸ ನನಗೆ ಬಂತು. 'ಶಾಲೆ ಬಿಡಲು ಕಾರಣ' ಎಂಬ ಕಡೆ 'ಪೋಷಕರ ಕೋರಿಕೆ' ಎಂದು ಬರೆದೆ. ಆಕೆ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿ, ತಲೆಯೆತ್ತದೆ ಹೇಳಿದಳು: "ಮಿಸ್, ನಮ್ಮನೆಯೋರು ಅಂಥೋರಲ್ಲ."

ಕೇಳದಿದ್ದರೂ ಆಕೆ ಕೊಟ್ಟ ವಿವರಣೆ ಅದು. ನಾನು ಜಿಲ್ಲಾ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕೊಟ್ಟದ್ದೂ ಅದನ್ನೇ.

ಸೋಂಕಿದೆಯೆಂದು ಯಾವ ಮಗುವನ್ನೂ ಶಾಲೆಯಿಂದ ಹೊರಗಿಡಬಾರದು, ಒಪ್ಪಿಗೆಯಿಲ್ಲದೆ ಯಾರ ರಕ್ತವನ್ನೂ ಪರೀಕ್ಷಿಸಬಾರದು ಎಂಬ ಕಾನೂನು 2017ರಲ್ಲಿ ಆಯಿತು, 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. 2005ರಲ್ಲಿ ಅಂಥ ಕಾನೂನು ಇರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ನೋಡಿದೆ. ಸಮಾಧಾನವಾಗಲಿಲ್ಲ. 'ಪೋಷಕರ ಕೋರಿಕೆ' ಎಂದು ಬರೆಯಬೇಡ ಎನ್ನಲು ಕಾನೂನು ಬೇಕಿತ್ತೇ?

ಮುಂದಿನ ವಾರ ದಾಖಲೆ ಕೋಣೆಯಲ್ಲಿ ಆ ವರ್ಷದ ಟಿ.ಸಿ. ಪುಸ್ತಕದ ಉಳಿದ ಭಾಗಗಳನ್ನು ಹುಡುಕಿದೆ. ಸಿಕ್ಕಿತು. ಗೆದ್ದಲು ಹಿಡಿದಿಲ್ಲ, ಶಾಯಿ ಮಾಸಿಲ್ಲ. ಅಂದಿನ ವಿಳಾಸದಲ್ಲಿ ಈಗ ಅವರಿಲ್ಲ, ಎಲ್ಲಿಗೆ ಹೋದರೆಂದು ಆ ಬೀದಿಯವರಿಗೆ ತಿಳಿಯದು. ಹುಡುಗ ಈಗ ಮೂವತ್ತು ದಾಟಿರಬೇಕು. ಅವನ ಹುಟ್ಟಿದ ತಾರೀಖನ್ನೂ ನಾನೇ ಬರೆದಿದ್ದೇನೆ, ಅಂಕಿಯಲ್ಲೂ ಅಕ್ಷರದಲ್ಲೂ.