‘ಎನ್ನಲಾಗಿದೆ’ ಅಂದವರು ಯಾರು?



ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ಕಳೆದ ವಾರ ನಾವು ಸಮ್ಮಾ ವಾಚಾ ಬಗ್ಗೆ ಮಾತಾಡಿದೆವು. ಸುಳ್ಳು, ಚಾಡಿ, ಬಿರುನುಡಿ, ಹುರುಳಿಲ್ಲದ ಹರಟೆ ಈ ನಾಲ್ಕನ್ನೂ ಬಿಡಬೇಕು ಎಂದು ಎಲ್ಲರೂ ಒಪ್ಪಿದೆವು. ಒಪ್ಪುವುದು ಸುಲಭ. ನನ್ನ ಎಂಟನೇ ತರಗತಿಯಲ್ಲಿ ಅದು ಅಷ್ಟು ಸುಲಭವಾಗಲಿಲ್ಲ.

ಕನ್ನಡದಲ್ಲಿ ವರದಿ ಬರೆಯುವ ಅಭ್ಯಾಸವೊಂದಿದೆ. ಶಾಲಾ ವಾರ್ಷಿಕೋತ್ಸವವೋ ಗಣರಾಜ್ಯೋತ್ಸವವೋ ವಿಷಯ. ‘ಕಾರ್ಯಕ್ರಮವು ವಿಜೃಂಭಣೆಯಿಂದ ನೆರವೇರಿತು’ ಎಂದು ಮುಗಿಸಿದರೆ ಅಂಕ ಖಾತ್ರಿ. ಇಷ್ಟು ವರ್ಷ ನಾನೂ ಹಾಗೇ ಕಲಿಸಿದವನು. ಈ ಸಲ ಬೇಸರವಾಗಿ ಒಂದು ವಾರದ ಪತ್ರಿಕೆಗಳನ್ನೇ ತರಗತಿಗೆ ಒಯ್ದೆ. ಪ್ರತಿ ಸುದ್ದಿಯಲ್ಲೂ ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬುದಕ್ಕೆ ಉತ್ತರ ಹುಡುಕಿ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ ಎಂದೆ. ಮೊದಲ ದಿನವೇ ಮಕ್ಕಳ ಕಣ್ಣಿಗೆ ಒಂದು ವಿಷಯ ಬಿತ್ತು. ಏನು, ಎಲ್ಲಿ, ಯಾವಾಗ ಎಲ್ಲ ಸಿಗುತ್ತವೆ. ‘ಯಾರು’ ಮಾತ್ರ ಆಗಾಗ ಕಾಣೆಯಾಗುತ್ತದೆ. ‘ಹಲ್ಲೆ ನಡೆದಿದೆ.’ ‘ಬಹಿಷ್ಕಾರ ಹಾಕಲಾಗಿದೆ.’ ‘ಪ್ರವೇಶ ನಿರಾಕರಿಸಲಾಗಿದೆ ಎನ್ನಲಾಗಿದೆ.’ ಹೊಡೆಸಿಕೊಂಡವರ ಊರು, ಜಾತಿ, ಕೆಲವೊಮ್ಮೆ ಫೋಟೊ ಕೂಡ ಇರುತ್ತದೆ. ಹೊಡೆದ ಕೈ ವಾಕ್ಯದಲ್ಲೇ ಇರುವುದಿಲ್ಲ. ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿಸುವ ವ್ಯಾಕರಣ ಇದೇ. ಅದರೊಳಗೆ ಇಷ್ಟು ಸಂಗತಿ ಇದೆಯೆಂದು ಎಂ.ಎ. ಓದುವಾಗ ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಅನ್ನಿ. ಆರೋಪ ಸಾಬೀತಾಗುವ ಮುಂಚೆ ‘ಎನ್ನಲಾಗಿದೆ’ ಎಂದು ಬರೆಯುವುದು ಪ್ರಾಮಾಣಿಕ ಎಚ್ಚರಿಕೆಯೂ ಆಗಬಹುದು. ಎಚ್ಚರಿಕೆ ಯಾವುದು, ಅಂಜಿಕೆ ಯಾವುದು ಎಂಬುದೇ ಪ್ರಶ್ನೆ.

ಆಮೇಲೆ, ನಿಮ್ಮೂರಿನ ಒಂದು ಸುದ್ದಿ ನೀವೇ ಬರೆಯಿರಿ, ಗೋಡೆ ಪತ್ರಿಕೆಗೆ ಹಾಕೋಣ ಎಂದೆ. ಬಸ್ಸು ಬರದಿದ್ದದ್ದು, ಮೋಟರ್ ಸುಟ್ಟದ್ದು, ಹೊಲಕ್ಕೆ ಹಂದಿ ನುಗ್ಗಿದ್ದು, ಹೀಗೆ ಬಂದವು. ನಮ್ಮ ಕೇರಿಯ ಹುಡುಗನೊಬ್ಬ ಎರಡೇ ಸಾಲು ಬರೆದಿದ್ದ: ‘ನಮ್ಮೂರಿನ ಕಟಿಂಗ್ ಶಾಪಿನವರು ಕೇರಿಯವರಿಗೆ ಕಟಿಂಗ್ ಮಾಡುವುದಿಲ್ಲ. ನಾವು ಬಸ್ಸಿನ ದುಡ್ಡು ಕೊಟ್ಟು ಟೌನಿಗೆ ಹೋಗುತ್ತೇವೆ.’

ನನಗೆ ಇದು ಹೊಸದಲ್ಲ. ಚಿಕ್ಕಂದಿನಲ್ಲಿ ನನ್ನ ತಲೆಗೂದಲು ಕತ್ತರಿಸುತ್ತಿದ್ದವರು ನಮ್ಮ ಚಿಕ್ಕಪ್ಪ, ಹಿತ್ತಲಿನ ಹುಣಸೆಮರದ ಕೆಳಗೆ. ಆದರೂ ನಾನು ಮಾಡಿದ್ದೇನು? ಕೆಂಪು ಪೆನ್ನು ಹಿಡಿದು ‘ಗ್ರಾಮದಲ್ಲಿ ಕೆಲವರಿಗೆ ಕ್ಷೌರದ ಸೇವೆ ದೊರೆಯುತ್ತಿಲ್ಲ ಎನ್ನಲಾಗಿದೆ’ ಎಂದು ತಿದ್ದಿದೆ. ಹುಡುಗ ಓದಿ ನೋಡಿದ.

“ಎನ್ನಲಾಗಿದೆ ಅಂದ್ರೆ ಯಾರು ಅಂದಿರೋದು ಸಾರ್? ನಾನೇ ಅಲ್ವಾ ಅಂದಿರೋದು?”

ನಾನು ಬರೆದದ್ದು ಸುಳ್ಳಲ್ಲ. ಆದರೆ ಆ ವಾಕ್ಯದಲ್ಲಿ ಮಾಡಿದವರೂ ಇರಲಿಲ್ಲ, ಅನುಭವಿಸಿದವರೂ ಇರಲಿಲ್ಲ, ಹೇಳಿದವನೂ ಇರಲಿಲ್ಲ. ಮೂವರನ್ನೂ ಅಳಿಸಿ ಅದಕ್ಕೆ ಒಳ್ಳೆಯ ಭಾಷೆ ಎಂದು ಹೆಸರಿಟ್ಟಿದ್ದೆ. ನಿಜ ಹೇಳಬೇಕೆಂದರೆ ಮುಖ್ಯೋಪಾಧ್ಯಾಯರು ಏನಂತಾರೋ, ಊರಿನವರು ಏನಂತಾರೋ ಎಂಬ ಭಯ ಅದು. ತಿದ್ದಿದ್ದನ್ನು ಹೊಡೆದುಹಾಕಿದೆ.

ಆದರೆ ಅವನ ಎರಡು ಸಾಲು ಹಾಗೇ ಸಾಕೇ? “ಅಂಗಡಿಯವರನ್ನ ಕೇಳಿದೆಯಾ?” ಎಂದೆ. ಕೇಳಿರಲಿಲ್ಲ, ಮನೆಯಲ್ಲಿ ಹೇಳಿದ್ದನ್ನು ಬರೆದಿದ್ದ. ಕೇಸಪುತ್ತದಲ್ಲಿ ಕಾಲಾಮರಿಗೆ ಬುದ್ಧ ಹೇಳಿದ್ದನ್ನು ನಾವು ಬೇರೆಯವರ ಮೂಢನಂಬಿಕೆಗೆ ಹಿಡಿದು ತೋರಿಸುತ್ತೇವೆ. ಬಾಯಿಂದ ಬಾಯಿಗೆ ಬಂದಿದೆ ಎಂಬ ಒಂದೇ ಕಾರಣಕ್ಕೆ ಒಪ್ಪಬೇಡಿ ಎಂಬ ಮಾತು ನಮ್ಮ ಕೇರಿಯ ಬಾಯಿಗೂ ಅನ್ವಯಿಸುತ್ತದೆ. ಗಾಳಿಮಾತು ಏನು ಮಾಡಬಲ್ಲದು ಎಂಬುದು ನಮ್ಮ ಜನಕ್ಕೆ ತಿಳಿಯದ್ದಲ್ಲ. 1927ರ ಮಾರ್ಚ್ 20ರಂದು ಮಹಾಡಿನಲ್ಲಿ ಬಾಬಾಸಾಹೇಬರು ಚವದಾರ್ ಕೆರೆಯ ನೀರು ಕುಡಿದ ಮೇಲೆ ನಮ್ಮವರ ಮೇಲೆ ದೊಣ್ಣೆ ಬೀಸಿದ್ದು ಯಾವ ಮಾತು ಕೇಳಿ? ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರಂತೆ ಎಂಬ ಸುಳ್ಳು ಸುದ್ದಿ ಕೇಳಿ. ಅದಾಗಿ ಎರಡೇ ವಾರಕ್ಕೆ, ಏಪ್ರಿಲ್ 3ರಂದು, ಬಾಬಾಸಾಹೇಬರು ‘ಬಹಿಷ್ಕೃತ ಭಾರತ’ ಪತ್ರಿಕೆ ಶುರುಮಾಡಿದರು. ಅದಕ್ಕೂ ಮೊದಲು 1920ರ ಜನವರಿ 31ಕ್ಕೆ ‘ಮೂಕನಾಯಕ’ ಬಂದಿತ್ತು. ದುಡ್ಡು ಕೊಡುತ್ತೇವೆಂದರೂ ಅದರ ಜಾಹೀರಾತನ್ನು ‘ಕೇಸರಿ’ ಹಾಕಲಿಲ್ಲ. ನಮ್ಮ ಸುದ್ದಿಯನ್ನು ನಾವೇ ಬರೆಯಬೇಕಾಗಿ ಬಂದದ್ದು ಹೀಗೆ. ಹಾಗೆಂದು ವಿಚಾರಿಸದೆ ಬರೆಯಬಹುದು ಎಂದಾಗುವುದಿಲ್ಲವಲ್ಲ.

ಹುಡುಗ ಅಂಗಡಿಗೆ ಹೋದ. ಊರೊಳಗಿನ ಬೀದಿಯ ಸಹಪಾಠಿ ಹುಡುಗಿಯೊಬ್ಬಳು ತಾನೂ ಬರುತ್ತೇನೆಂದು ಜೊತೆಗೆ ಹೋದಳು. ಅಂಗಡಿಯವರು ಬಯ್ಯಲಿಲ್ಲವಂತೆ. “ನಾನೇನ್ ಬ್ಯಾಡ ಅಂದಿಲ್ಲ ಕಣಪ್ಪ. ನಿಮಗೆ ಮಾಡುದ್ರೆ ಊರೋರು ಈ ಕುರ್ಚಿ ಮೇಲೆ ಕೂರಲ್ಲ ಅಂತಾರೆ. ನನ್ನ ಹೊಟ್ಟೆಪಾಡು ನೋಡ್ಕಬೇಕಲ್ಲ” ಎಂದರು. ಆಮೇಲೆ ಹುಡುಗಿಯ ಕಡೆ ತಿರುಗಿ, “ನಿಮ್ಮಪ್ಪನ್ನೂ ಕೇಳವ್ವ” ಎಂದರು.

ಕಾನೂನಿನ ಮುಂದೆ ಈ ನೆಪ ನಿಲ್ಲುವುದಿಲ್ಲ. ಸಂವಿಧಾನ ಸಭೆಯಲ್ಲಿ ‘ಅಂಗಡಿ’ ಎಂದರೇನು ಎಂಬ ಪ್ರಶ್ನೆ ಬಂದಾಗ, ಸೇವೆ ಒದಗಿಸುವವರೆಲ್ಲರೂ ಅದರೊಳಗೆ ಬರುತ್ತಾರೆ ಎಂಬ ಅರ್ಥದಲ್ಲಿ ಬಾಬಾಸಾಹೇಬರು ಉತ್ತರಿಸಿದರು. ಅಸ್ಪೃಶ್ಯತೆಯನ್ನು ತೊಡೆಯುವ ವಿಧಿಗೆ ಸಭೆ ಒಪ್ಪಿಗೆ ಕೊಟ್ಟ ದಿನವೇ ಅದು, 1948ರ ನವೆಂಬರ್ 29. ಆದರೆ ನನ್ನ ತರಗತಿಯಲ್ಲಿ ಎದ್ದದ್ದು ವ್ಯಾಕರಣದ ಪ್ರಶ್ನೆ. ‘ಕಟಿಂಗ್ ಮಾಡುವುದಿಲ್ಲ’ ಎಂಬ ವಾಕ್ಯದ ಕರ್ತೃ ಯಾರು? ಕತ್ತರಿ ಹಿಡಿದವರೋ, ಆ ಕತ್ತರಿಯನ್ನು ತಡೆದವರೋ? ಕೇಳಲು ಹೋಗದಿದ್ದರೆ ಹುಡುಗನ ವರದಿ ಒಬ್ಬ ಬಡ ಕಸುಬಿನವನ ಮೇಲೆ ಪೂರ್ತಿ ಭಾರ ಹಾಕಿ ಊರನ್ನು ಬಿಟ್ಟುಬಿಡುತ್ತಿತ್ತು. ಇಬ್ಬರೂ ಕೂತು ಎರಡು ವಾಕ್ಯ ಮಾಡಿದರು, ಎರಡಕ್ಕೂ ಕರ್ತೃ ಇಟ್ಟರು.

ನಮ್ಮ ಭಾನುವಾರದ ಸಭೆಯಲ್ಲಿ ಇದನ್ನು ಹೇಳಿದಾಗ ಹಿರಿಯರೊಬ್ಬರು, “ಮೇಷ್ಟ್ರೇ, ಇದು ಊರು ಒಡೆಯೋ ಮಾತು, ಪಿಸುಣಾ ವಾಚಾ ಆಗಲ್ವಾ?” ಎಂದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಏಟು ಬಿದ್ದರೆ ಮೊದಲು ಬೀಳುವುದು ಕೇರಿಗೆ. ಆದರೆ ಚಾಡಿ ಎಂದರೆ ಇಲ್ಲಿ ಕೇಳಿದ್ದನ್ನು ಅಲ್ಲಿಗೆ, ಅಲ್ಲಿ ಕೇಳಿದ್ದನ್ನು ಇಲ್ಲಿಗೆ ಒಯ್ದು ಒಂದಾಗಿದ್ದವರನ್ನು ಅಗಲಿಸುವುದು. ಈ ಊರು ಆ ಕುರ್ಚಿಯ ಮುಂದೆ ಮೊದಲೇ ಎರಡಾಗಿದೆ. ಮಕ್ಕಳು ಎಲ್ಲರ ಮುಖಕ್ಕೇ ಹೋಗಿ ಕೇಳಿ, ಎಲ್ಲರೂ ಓದುವ ಗೋಡೆಗೆ ಹಾಕುತ್ತಿದ್ದಾರೆ. ಅಭಯ ರಾಜಕುಮಾರನಿಗೆ ಬುದ್ಧ ಹೇಳಿದ್ದನ್ನು ನೆನೆಯಿರಿ. ತೊಡೆಯ ಮೇಲಿನ ಕೂಸು ಬಾಯಿಗೆ ಕಲ್ಲು ಹಾಕಿಕೊಂಡರೆ ರಕ್ತ ಬಂದರೂ ತೆಗೆಯುತ್ತೀಯಲ್ಲವೇ, ಕರುಣೆಯಿಂದಲೇ ಅಲ್ಲವೇ ಎಂದು. ಮಾತು ನಿಜವಾಗಿರಬೇಕು, ಹಿತವಾಗಿರಬೇಕು. ಅಪ್ರಿಯವಾದರೆ ಕಾಲ ನೋಡಿ ಆಡಬೇಕು.

ಕಾಲ ನೋಡುವುದರಲ್ಲೇ ನಾನು ಎಡವಿದೆನೇನೋ. ಹುಡುಗಿ ಮಾರನೆಯ ದಿನ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ಮೆಲ್ಲಗೆ ಕೇಳಿದಳು: “ಸಾರ್, ‘ಊರಿನವರು’ ಅಂತ ಬರೆದ್ರೆ ಸಾಕಾ, ನಮ್ಮಪ್ಪನ ಹೆಸರೂ ಬರೀಬೇಕಾ?”

ಒಬ್ಬರ ಬಾಯಿಂದ ಮಾತ್ರ ಕೇಳಿದ ಹೆಸರನ್ನು ಬರೆಯುವ ಹಾಗಿಲ್ಲ, ಅವರನ್ನೂ ಕೇಳಿರಬೇಕು ಎಂದೆ. ಹೆಸರು ಬೇಡ ಎಂದು ಅವಳನ್ನು ಬಿಡಿಸುವುದಕ್ಕೇ ಹಾಗೆ ಹೇಳಿದ್ದು. ಅವಳು ಅದನ್ನು ಕೆಲಸ ಒಪ್ಪಿಸಿದ ಹಾಗೆ ತೆಗೆದುಕೊಂಡಳು. ರಾತ್ರಿ ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿಯೇಬಿಟ್ಟಳು. ವರದಿಯ ಕೊನೆಗೆ ಅವಳು ಸೇರಿಸಿದ್ದು ಇಷ್ಟು: ‘ಈ ಬಗ್ಗೆ ಒಬ್ಬ ಗಿರಾಕಿಯನ್ನು ಕೇಳಿದೆವು. ಅವರು ಉತ್ತರ ಕೊಡಲಿಲ್ಲ. ಊಟ ಬಿಟ್ಟು ಎದ್ದು ಹೋದರು.’

ಕೊನೆಯ ವಾಕ್ಯ ವರದಿಗೆ ಬೇಕಿಲ್ಲ ಎನ್ನಿಸಿ ಪೆನ್ನು ಎತ್ತಿದ್ದೆ. ಈ ಸಲ ತಿದ್ದಲಿಲ್ಲ.

ಹಾಳೆ ಇನ್ನೂ ಗೋಡೆಯ ಮೇಲಿದೆ. ಹುಡುಗ ಈಗಲೂ ಟೌನಿಗೇ ಹೋಗಿ ಕಟಿಂಗ್ ಮಾಡಿಸಿಕೊಂಡು ಬರುತ್ತಾನೆ. ಹುಡುಗಿಯ ಜೊತೆ ಅಪ್ಪ ನಾಲ್ಕು ದಿನ ಮಾತು ಬಿಟ್ಟಿದ್ದರಂತೆ. ಹದಿಮೂರು ವರ್ಷದ ಮಗುವನ್ನು ಆ ತಟ್ಟೆಯ ಮುಂದೆ ಕೂರಿಸಿದವನು ನಾನು. ಅವರು ಶಾಲೆಗೆ ಬಂದು ಕೇಳಿದರೆ ಏನು ಹೇಳಬೇಕೆಂದು ಇನ್ನೂ ಯೋಚಿಸುತ್ತಿದ್ದೇನೆ. ಭಾನುವಾರ ವಿಹಾರದಲ್ಲಿ ಸಿಕ್ಕಾಗ ನಿಮಗೆ ತೋಚಿದ್ದನ್ನು ಹೇಳಿ.

ಜೈ ಭೀಮ್.