ನಂಬಿಕೆಗೆ ಕಾಗದ ಯಾಕೆ?

ನಮ್ಮ ಸಾಲಹಳ್ಳಿಯ ಕಡೆ ಹೆಣ್ಣುಮಕ್ಕಳು ಕೂಡಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವುದು ಈಗ ಹೊಸದಲ್ಲ. ಪರಿಚಯದ ಮೂವರು ಇಂಥ ಉದ್ಯೋಗ ಹೂಡಲು ಹೊರಟಾಗ, "ಮೊದಲು ವಕೀಲರ ಕಡೆ ಕರಾರುಪತ್ರ ಬರೆಸಿರಿ" ಎಂದೆ. ಅವರಲ್ಲೊಬ್ಬಳು ಮುಖ ಸಣ್ಣದು ಮಾಡಿದಳು. "ನಮ್ಮ ನಮ್ಮೊಳಗ ಕಾಗದ ಯಾಕ್ರೀ ಟೀಚರ? ನಂಬಿಗಿ ಇಲ್ಲೇನು?"

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗೆಳತಿಯರ ನಡುವೆ ಕಾಗದ ಕೇಳುವುದು ಸಂಶಯವೇ? ನನಗೆ ಹಾಗೆನಿಸುವುದಿಲ್ಲ. ಮನಸ್ಸು ಶುದ್ಧವಿದ್ದರೂ ನೆನಪು ಮೋಸ ಮಾಡುತ್ತದೆ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ಲಾಭ-ನಷ್ಟ ಎಲ್ಲರಿಗೂ ಸಮಪಾಲು. ದುಡಿಮೆಗೆಂದು ಬೇರೆ ಸಂಬಳ ಕೇಳುವಂತಿಲ್ಲ. ನಸುಕಿನಲ್ಲೆದ್ದು ರೊಟ್ಟಿ ಬಡಿದವಳಿಗೂ ಹಣ ಹಾಕಿ ಮನೆಯಲ್ಲಿ ಕುಳಿತವಳಿಗೂ ಒಂದೇ ಲೆಕ್ಕ. ಪಾಲುದಾರಿಕೆ ನೋಂದಣಿಯಾಗದಿದ್ದರೆ, ಬಾಕಿ ಉಳಿಸಿಕೊಂಡ ಅಂಗಡಿಯವನ ಮೇಲೆ ದಾವೆ ಹೂಡುವುದೂ ಕಷ್ಟ. ಬಾಯಿಮಾತಿನ ನಂಬಿಕೆಯಲ್ಲಿ ಮೊದಲು ಸೋಲುವವಳು ಮಾತಾಡಲು ಅಂಜುವವಳೇ. ಕಾಗದ ಅವಳ ಪರವಾಗಿ ಮಾತಾಡುತ್ತದೆ.

ಇನ್ನು ಫೀಸಿನ ಭಯ. ವಕೀಲರು ದುಬಾರಿಯಾಗುವುದು ಜಗಳ ಕೋರ್ಟಿಗೇರಿದ ಮೇಲೆ. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಆರಂಭದಲ್ಲೇ ಒಂದು ಪತ್ರ ಬರೆಸುವ ಖರ್ಚನ್ನು ಮೂವರೂ ಹಂಚಿಕೊಳ್ಳಬಹುದು. ಯಾವ ಕೆಲಸಕ್ಕೆ ಎಷ್ಟು ಎಂದು ಮೊದಲೇ ಕೇಳುವುದರಲ್ಲಿ ನಾಚಿಕೆಯಿಲ್ಲ. ದಾವೆಯಲ್ಲಿ ಗೆದ್ದ ಹಣದಲ್ಲಿ ಇಂತಿಷ್ಟು ಪಾಲು ಎಂದು ಕರಾರು ಮಾಡಿಕೊಳ್ಳುವುದನ್ನು ವಕೀಲರ ವೃತ್ತಿನಿಯಮವೇ ಒಪ್ಪುವುದಿಲ್ಲ. ಮುಂದೆ ವ್ಯಾಜ್ಯ ಬಂದರೂ ಕೈಚೆಲ್ಲಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು.

ಆದರೆ "ವಕೀಲರೇ ಎಲ್ಲಾ ನೋಡಿಕೊಳ್ಳಲಿ" ಎಂದು ಸುಮ್ಮನಾಗುವುದು ಸರಿಯಲ್ಲ. ಕೇಳಬೇಕಾದದ್ದನ್ನು ಮನೆಯಲ್ಲೇ ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ಪತ್ರವನ್ನು ಕನ್ನಡದಲ್ಲಿ ಓದಿಸಿ ಕೇಳಿರಿ, ತಿಳಿಯದ ಕಡೆ ನಿಲ್ಲಿಸಿರಿ. ಪೂರ್ತಿ ತಿಳಿದ ಮೇಲೆಯೇ ಸಹಿ.

ಒಬ್ಬಳು ಹೆರಿಗೆಗೆ ಹೋದರೆ ಅವಳ ಪಾಲೇನು? ಬಿಟ್ಟು ಹೋಗುವವಳಿಗೆ ಏನು ಕೊಡಬೇಕು? ಇವಕ್ಕೆ ಉತ್ತರ ವಕೀಲರ ಪುಸ್ತಕದಲ್ಲಿ ಇಲ್ಲ. ಆ ಮೂವರೇ ಕುಳಿತು, ಒಬ್ಬರ ಕಷ್ಟ ಇನ್ನೊಬ್ಬರು ಕೇಳಿ ತೀರ್ಮಾನಿಸಬೇಕು. ನ್ಯಾಯವನ್ನು ಬರೆದುಕೊಡುವವರು ಹಣಕ್ಕೆ ಸಿಗುತ್ತಾರೆ. ನ್ಯಾಯ ಯಾವುದೆಂದು ನಿಶ್ಚಯಿಸುವ ಕೆಲಸ ಮಾತ್ರ ನಮ್ಮದೇ.