ಮೈತ್ರಿಯೊಳಗಿನ ಪರಿಗ್ರಹ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಮೈತ್ರಿಯೊಡನೆ ಪ್ರಮೋದವನ್ನೂ ಹೇಳುತ್ತದೆ. ಮೈತ್ರಿಯನ್ನು ನಾವು ನಿತ್ಯವೂ ಪಠಿಸುತ್ತೇವೆ. ಪ್ರಮೋದವಾದರೋ ಗುಣಾಧಿಕರನ್ನು ಕಂಡು ಹರ್ಷಿಸುವುದು. ಆ ಗುಣವಂತನು ಅನ್ಯಮತದವನಾಗಿದ್ದರೆ? ಅವನು ನಮ್ಮವನಾಗಲಿ ಎಂಬ ಆಸೆ ಹರ್ಷದೊಳಗೆ ಮೆಲ್ಲನೆ ನುಸುಳುತ್ತದೆ. ಆ ಆಸೆಯೂ ಪರಿಗ್ರಹವೇ ಅಲ್ಲವೆ?

1891ರಲ್ಲಿ ಇಂಗ್ಲೆಂಡಿನಿಂದ ಮರಳಿದ ಗಾಂಧಿಯವರು ಮುಂಬಯಿಯಲ್ಲಿ ಶ್ರೀಮದ್ ರಾಜಚಂದ್ರರನ್ನು ಕಂಡರು. ಅವರು ಗಾಂಧಿಯವರಿಗಿಂತ ಎರಡೇ ವರ್ಷ ಹಿರಿಯರು; ವೃತ್ತಿಯಿಂದ ರತ್ನವ್ಯಾಪಾರಿ, ಅಂತರಂಗದಲ್ಲಿ ಮುಮುಕ್ಷು. ಮುಂದೆ ದಕ್ಷಿಣ ಆಫ್ರಿಕದಲ್ಲಿ ಕ್ರೈಸ್ತ ಮಿತ್ರರು ಗಾಂಧಿಯವರನ್ನು ತಮ್ಮ ಮತಕ್ಕೆ ಕರೆದರು. ಅವರ ಸದ್ಭಾವದಲ್ಲಿ ಸಂದೇಹವಿಲ್ಲ. ಗಾಂಧಿಯವರೇ ಅದನ್ನು ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ಆದರೂ ಚಿತ್ತ ಕಲಕಿತು. 1894ರಲ್ಲಿ ಅವರು ರಾಜಚಂದ್ರರಿಗೆ 27 ಪ್ರಶ್ನೆಗಳನ್ನು ಬರೆದು ಕಳುಹಿಸಿದರು. ಆತ್ಮ, ಈಶ್ವರ, ಮೋಕ್ಷ, ವೇದ, ಕ್ರಿಸ್ತ. ಕಟ್ಟಕಡೆಗೆ, ಕಚ್ಚಲು ಬಂದ ಹಾವನ್ನು ಏನು ಮಾಡಬೇಕು? (ಎಲ್ಲಕ್ಕಿಂತ ಕಠಿನವಾದುದು ಇದೇ ಎಂದು ನನಗೆ ತೋರುತ್ತದೆ.)

ದೇಹ ಅನಿತ್ಯವೆಂದು ಅರಿತವನು ದೇಹವನ್ನೇ ಬಿಟ್ಟುಕೊಡಲಿ, ಅರಿಯದವನಿಗೂ ಕೊಲ್ಲೆಂದು ತಾನು ಹೇಗೆ ಹೇಳಲಿ ಎಂಬುದು ರಾಜಚಂದ್ರರ ಉತ್ತರದ ಸಾರ. ಜಿನಮಾರ್ಗದ ನಿಲುವನ್ನು ಅವರು ಎಲ್ಲಿಯೂ ಮರೆಮಾಚಲಿಲ್ಲ. ಹಾಗೆಂದು, ಜೈನರಾಗಿರೆಂದು ಕರೆಯಲೂ ಇಲ್ಲ. ತಾಳ್ಮೆಯಿಂದಿದ್ದು ಹಿಂದೂಧರ್ಮವನ್ನೇ ಆಳವಾಗಿ ಅಭ್ಯಸಿಸಿರೆಂದರು. ಮಿತ್ರನು ಎಲ್ಲಿದ್ದಾನೋ ಅಲ್ಲಿಯೇ ಅವನು ಬೆಳೆಯಲೆಂಬ ಈ ಹಾರೈಕೆ ಉದಾಸೀನತೆಯಲ್ಲ. ಉದಾಸೀನನು 27 ಪ್ರಶ್ನೆಗಳಿಗೆ ಉತ್ತರ ಬರೆಯುತ್ತಾ ಕೂರುವನೇ?

ರಾಜಚಂದ್ರರು 1901ರಲ್ಲಿ, ತಮ್ಮ 33ನೆಯ ವಯಸ್ಸಿನಲ್ಲಿ ದೇಹತ್ಯಾಗ ಮಾಡಿದರು. ಗಾಂಧಿಯವರು ಅವರನ್ನು ಗುರುವೆಂದು ಸ್ವೀಕರಿಸಲಿಲ್ಲ. ಆದರೆ ತಮ್ಮ ಬಾಳನ್ನು ರೂಪಿಸಿದ ಸಮಕಾಲೀನರೆಂದು ಆತ್ಮಕಥೆಯಲ್ಲಿ ಮೂವರನ್ನು ಹೆಸರಿಸುವಾಗ, ರಷ್ಯದ ಟಾಲ್‌ಸ್ಟಾಯ್, ಇಂಗ್ಲೆಂಡಿನ ರಸ್ಕಿನ್ ಇವರಿಗಿಂತ ಮೊದಲು ಈ ಜೈನ ವ್ಯಾಪಾರಿಯ ಹೆಸರನ್ನು ಬರೆದರು.